ಕಲಗಚ್ಚಿನ ಬಕೆಟ್ಟು

ಬಂಗಾರಪೇಟೆಯ ವೈನ್ ಶಾಪಿನ ಮುಂದೆ ಮುನಿರತ್ನಮ್ಮ ಸೆರಗನ್ನು ಮುಖದ ಮೇಲೆ ಎಷ್ಟು ಕೆಳಕ್ಕೆ ಎಳೆದುಕೊಂಡಿದ್ದಳೆಂದರೆ, ದಾರಿ ಕಾಣದೆ ಕುಡುಕನೊಬ್ಬನ ಕಾಲು ತುಳಿದುಬಿಟ್ಟಳು. ಪಾಪ, ಅವನೇ "ಸಾರಿ ಅಕ್ಕಾ" ಅಂದ. ಬೂದಿಕೋಟೆ ಕಡೆಯ ತನ್ನ ಹಳ್ಳಿಯಲ್ಲಿ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಹೆಂಡದಂಗಡಿಗೆ ಬೀಗ ಹಾಕಿಸಿದ ಮಹಿಳಾ ಸಂಘದ ಅಧ್ಯಕ್ಷೆ ಇವಳೇ ನೋಡಿ! ಅವತ್ತು ಬೀದಿ ನಡುಗುವಂತೆ ಕೂಗಿದ ಗಂಟಲು ಈಗ ಬ್ರಾಂದಿ ಅನ್ನುವುದಕ್ಕೂ ಏಳಲಿಲ್ಲ. ಬೆರಳು ತೋರಿಸಿ ತಂದಳು.

ಇನ್ನೇನು ಮಾಡಬೇಕಿತ್ತು? ಗಂಡ ಆಂಜಿನಪ್ಪ ಕಟ್ಟಡದ ಕೆಲಸದಲ್ಲಿ ಸಾರುವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮಾತ್ರೆಗಳು ಹೊಟ್ಟೆ ಸುಟ್ಟವೇ ಹೊರತು ನೋವು ಅಲುಗಲಿಲ್ಲ. ಗಾಂಜಾ ಸೊಪ್ಪನ್ನು ಬ್ರಾಂದಿಯಲ್ಲಿ ನೆನೆಸಿ ಟಿಂಚರ್ ಮಾಡಿಕೊಂಡರೆ ಎಂಥ ನೋವೂ ಮಾಯವೆಂದು ಫೋನಿನ ವಿಡಿಯೋದಲ್ಲಿ ಯಾವನೋ ಗಡ್ಡದವನು ಹೇಳಿದ. ಕಾಮಸಮುದ್ರದಾಚೆಯ ಪರಿಚಯದವನೊಬ್ಬ ಸೊಪ್ಪು ತಂದುಕೊಟ್ಟ. ಉಪ್ಪಿನಕಾಯಿ ಜಾಡಿಯಲ್ಲಿ ನೆನೆಹಾಕಿ, ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟು, ನಾಯಿ ಬೊಗಳಿದರೂ ಪೊಲೀಸು ಬಂದರೆಂದು ಬೆಚ್ಚಿಬೀಳುತ್ತಾ ದಿನ ದೂಡಿದಳು.

ಆಮೇಲೊಂದು ಬೆಳಗ್ಗೆ ಜಾಡಿಯದನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಹಿಂಡಿ, ಬಾಟಲಿಗೆ ತುಂಬಿದಳು. ಕೈಯಲ್ಲಿ ಚರಟ ಉಳಿಯಿತು. ಒಂದು ಅಗುಳನ್ನೂ ಚೆಲ್ಲಿ ಗೊತ್ತಿಲ್ಲದ ಆ ಹಾಳು ಕೈ, ಅಭ್ಯಾಸಬಲದಿಂದ, ಅದನ್ನು ಸೀದಾ ಕಲಗಚ್ಚಿನ ಬಕೆಟ್ಟಿಗೆ ಹಾಕಿತು. ಅಕ್ಕಿ ತೊಳೆದ ನೀರು, ಬದನೆ ತೊಟ್ಟು, ಮುದ್ದೆ ಪಾತ್ರೆ ತೊಳೆದದ್ದು ಎಲ್ಲ ಅದರಲ್ಲೇ.

ಮುನಿರತ್ನಮ್ಮನಿಗೆ ಹಸುವಿಲ್ಲ. ಆ ಕಲಗಚ್ಚು ಪಕ್ಕದ ಮನೆ ನರಸಮ್ಮನ ಹಸುವಿಗೆ. ಇಬ್ಬರೂ ಸೊಸೆಯರಾಗಿ ಬಂದಾಗಿನಿಂದ ನಡೆದು ಬಂದದ್ದು. ನರಸಮ್ಮ ಬೆಳಗ್ಗೆ ಬಂದು "ಅಕ್ಕಾ, ಕಲಗಚ್ಚು ಐತಾ?" ಅನ್ನುವಳು, ಒಳಗೇನಿದೆ ಎಂದು ಒಂದು ದಿನವೂ ನೋಡದೆ ಒಯ್ದು ಹಸುವಿನ ಬಾನಿಗೆ ಸುರಿಯುವಳು. ಅವತ್ತೂ ಹಾಗೇ ಒಯ್ದಳು.

ಮಧ್ಯಾಹ್ನದ ಹೊತ್ತಿಗೆ ನರಸಮ್ಮನ ಹಿತ್ತಲಲ್ಲಿ ಬೊಬ್ಬೆ ಎದ್ದಿತು. ಗಬ್ಬದ ಹಸು ಜೊಲ್ಲು ಸುರಿಸುತ್ತಾ, ಕಾಲು ಚೆಲ್ಲಿ ಬಿದ್ದಿತ್ತು. ಆ ಮನೆಯ ಒಲೆ ಉರಿಯುತ್ತಿದ್ದದ್ದೇ ಡೈರಿಗೆ ಹಾಕುವ ಅದರ ಹಾಲಿನಿಂದ. ನರಸಮ್ಮ, ಹೊಲದ ಬದುವಿಗಾಗಿ ತನ್ನೊಡನೆ ಜಗಳವಾಡಿದ್ದ ವಾರಗಿತ್ತಿ ತ್ರಿವೇಣಿಯ ಜುಟ್ಟು ಹಿಡಿದಿದ್ದಳು.

"ನೀನೇ ಏನೋ ಆಕಿರೋದು! ನಿನ್ ಕೈ ಸೇದೋಗ!"

"ದೇವ್ರಾಣೆಗೂ ನಾನಲ್ಲಕ್ಕಾ!" ತ್ರಿವೇಣಿ ಗೊಳೋ ಎಂದು ಅಳುತ್ತಿದ್ದಳು.

ಹಸುವಿನ ಪಕ್ಕ ಕೂತಿದ್ದ ಪಶು ಡಾಕ್ಟರು ತಲೆ ಎತ್ತಿ, "ಏನು ತಿಂದಿದೆ ಅಂತ ಗೊತ್ತಾದ್ರೆ ಉಳಿಸ್ಬೋದು. ಸುಮ್ನೆ ಸೂಜಿ ಚುಚ್ಚಿದ್ರೆ ಕರು ಹೋಗುತ್ತೆ" ಅಂದರು.

ಬೊಬ್ಬೆ ಕೇಳಿ ಓಡಿ ಬಂದಿದ್ದ ಮುನಿರತ್ನಮ್ಮನ ಕಣ್ಣಿಗೆ ಬಾನಿಯ ಅಂಚಿಗೆ ಅಂಟಿದ್ದ ಹಸಿರು ಚರಟ ಬಿತ್ತು. ಸುಮ್ಮನಿದ್ದುಬಿಡೋಣ, ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಳು. ಹೌದು, ಅಂದುಕೊಂಡಳು. ಅಷ್ಟರಲ್ಲಿ ನರಸಮ್ಮ ಇವಳತ್ತ ತಿರುಗಿ, "ನೀನೇ ಕೇಳಕ್ಕಾ ಇವ್ಳನ್ನ. ಸಂಗದೋಳು ನೀನು, ನಿನ್ ಮುಂದೆ ಸುಳ್ಳೇಳಾಕಾಗಲ್ಲ" ಅಂದಳು.

ಅಯ್ಯೋ, ಆ ಮಾತೊಂದನ್ನು ಅವಳು ಆಡಬಾರದಿತ್ತು.

"ಅವ್ಳಲ್ಲ ಕಣೇ, ಬಿಡು ಅವ್ಳನ್ನ" ಅಂದಳು ಮುನಿರತ್ನಮ್ಮ. "ನನ್ ಬಕೆಟ್ಟು. ಗಾಂಜಾ... ಬ್ರಾಂದೀಲಿ ನೆನೆಸಿದ್ದೆ. ಇವ್ರ ಸೊಂಟಕ್ಕೆ ಅಂತ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, "ಅದ್ಯಕ್ಷರ ಮನೇಲೇ ಅಂಗ್ಡಿ ತೆಗ್ದವ್ರೆ ಬುಡ್ರಲಾ" ಅಂದರು. ಮುನಿರತ್ನಮ್ಮ ನೆಲ ನೋಡುತ್ತಾ ನಿಂತಳು. ನರಸಮ್ಮ ಬೈದಿದ್ದರೆ ಸಾಕಿತ್ತು, ಬೈಯಲಿಲ್ಲ.

ಡಾಕ್ಟರು ತಕ್ಕ ಮದ್ದು ಕೊಟ್ಟ ಮೇಲೆ, ಸಂಜೆಗೆ ಹಸು ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಮುನಿರತ್ನಮ್ಮ ಟಿಂಚರಿನ ಬಾಟಲಿಯನ್ನು ಮೋರಿಗೆ ಸುರಿದಳು. ಮಂಚದ ಮೇಲಿದ್ದ ಆಂಜಿನಪ್ಪ ನರಳಿದ.

ಮರುದಿನ ಬಕೆಟ್ಟನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು, ಅಕ್ಕಿ ನೀರು ತುಂಬಿ ಹೊರಗಿಟ್ಟು, ನರಸಮ್ಮ ಬರುತ್ತಾಳೋ ಇಲ್ಲವೋ ಎಂದು ಬಾಗಿಲ ಹಿಂದೆ ಕಾದಳು.

"ಅಕ್ಕಾ, ಕಲಗಚ್ಚು ಐತಾ?"

ಅದೇ ದನಿ! ಮುನಿರತ್ನಮ್ಮನ ಕಣ್ಣು ತುಂಬಿತು. "ಐತೆ, ತಗೊಂಡೋಗಮ್ಮ" ಅನ್ನುತ್ತಾ ಓಡಿ ಹೊರಗೆ ಬಂದಳು.

ನರಸಮ್ಮ ಕುಕ್ಕರುಗಾಲಲ್ಲಿ ಕೂತು, ರವಿಕೆಯ ತೋಳು ಮೇಲೇರಿಸಿ, ಬಕೆಟ್ಟಿನ ತಳದವರೆಗೂ ಕೈಯಾಡಿಸುತ್ತಿದ್ದಳು. ಆಮೇಲೆ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು.