ಇನ್ನೂರು ಎಳೆ

ಹದಿನಾಲ್ಕು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿದವಳು ಅಕ್ಕ. ಕಾರ್ಖಾನೆ ಬಾಗಿಲು ಹಾಕಿದಾಗ ಅವಳಿಗೆ ನಲವತ್ತು ತುಂಬಿತ್ತು. ಆ ವಯಸ್ಸಿನಲ್ಲಿ, ಗಿಡ್ಡ ಕೂದಲಿಗೆ ಉದ್ದ ಕೂದಲು ಜೋಡಿಸುವ ಕೆಲಸ ಕಲಿಯುತ್ತೇನೆಂದು ಪಾರ್ಲರೊಂದರ ಮೇಲಿನ ಮಹಡಿಯ ತರಬೇತಿಗೆ ಸೇರಿಕೊಂಡಳು. ಜೊತೆಗಿದ್ದ ಐವರೂ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಪಾರ್ಲರಿನ ಒಡತಿಯೇ ಆಗಿದ್ದ ಕಲಿಸುವ ಮೇಡಂ ಮೊದಲ ದಿನವೇ ಇವಳಿಗೆ ‘ಟೈಲರಮ್ಮ’ ಎಂದು ಹೆಸರಿಟ್ಟರು. ಹುಡುಗಿಯರು ಕಿಸಕ್ಕನೆ ನಕ್ಕರು.

ಮೇಜಿಗೆ ಬಿಗಿದ ಬೊಂಬೆ ತಲೆಯೇ ಅವಳ ಪಾಠ. ಬಾಚಣಿಗೆಯ ಚೂಪು ತುದಿಯಿಂದ ಬೈತಲೆ ತೆಗೆದು, ಸಾಸಿವೆಗಿಂತ ಒಂಚೂರು ದೊಡ್ಡದಾದ ಉಂಗುರದೊಳಗೆ ಒಂದಿಷ್ಟು ಕೂದಲು ಎಳೆದು, ಅದೇ ಉಂಗುರಕ್ಕೆ ಹೊಸ ಎಳೆ ತೂರಿಸಿ, ಇಕ್ಕಳದಿಂದ ಅದುಮಬೇಕು. ಬುಡಕ್ಕೆ ತೀರ ಒತ್ತಿದರೆ ಚರ್ಮ ಎಳೆಯುತ್ತದೆ. ಹೊಸ ಎಳೆಯ ಭಾರ ಅದನ್ನು ಹೊರುವ ಕೂದಲಿಗೆ ತಕ್ಕಂತಿರಬೇಕು. ಇದು ಮೇಡಂ ಹಂಚಿದ ಪುಸ್ತಕದಲ್ಲೇ ದಪ್ಪಕ್ಷರದಲ್ಲಿತ್ತು. ಮೊದಲ ವಾರ ಅಕ್ಕನ ಸಾಲುಗಳು ಅಂಕುಡೊಂಕಾದವು. ಉಂಗುರಗಳು ಕೈಜಾರಿ ನೆಲದಲ್ಲೆಲ್ಲ ಉರುಳಿದವು. ನಾಲ್ಕನೇ ವಾರಕ್ಕೆ ಕೈ ಪಳಗಿತು. ಹುಡುಗಿಯರು ಅವಳ ಸಾಲನ್ನೇ ನೋಡಿ ತಮ್ಮದನ್ನು ತಿದ್ದಿಕೊಳ್ಳತೊಡಗಿದರು.

ಪರೀಕ್ಷೆಗೆ ಎಲ್ಲರೂ ಒಂದು ಜೀವಂತ ತಲೆ ಕರೆತರಬೇಕಿತ್ತು. ಅಕ್ಕ ತನ್ನ ಜೊತೆಗೇ ಇರುವ ತಂಗಿಯನ್ನು ಕರೆತಂದಳು. ತಂಗಿ ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂರುವವಳು. ಹಿಂದಿನ ವರ್ಷದ ಜ್ವರದಲ್ಲಿ ಅವಳ ಕೂದಲು ಅರ್ಧಕ್ಕರ್ಧ ಉದುರಿತ್ತು.

“ಇನ್ನೂರು ಎಳೆ ಹಾಕಿ. ಸೊಂಟದವರೆಗೂ ಬರ್ಲಿ,” ಎಂದರು ಮೇಡಂ. “ಪಾರ್ಲರ್ ಮುಂದಿನ ಗಾಜಿಗೆ ಫೋಟೋ ಅಂಟಿಸ್ಬೇಕು.”

“ಮೇಡಂ, ಇವಳ ಕೂದ್ಲು ತೀರ ತೆಳು. ಎಂಬತ್ತು ಹಾಕ್ತೀನಿ, ಸಣ್ಣವು. ಪುಸ್ತಕದಲ್ಲೂ ಹಂಗೇ...”

“ಇಲ್ಲಿ ಕಲಿಸೋರು ಯಾರು ಟೈಲರಮ್ಮಾ, ನೀವಾ ನಾನಾ?”

ಅಕ್ಕ ಇಕ್ಕಳ ಕೈಗೆತ್ತಿಕೊಂಡಳು. ಇನ್ನೂರೂ ಹಾಕಿದಳು. ತಂಗಿ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡು ಖುಷಿಗೆ ಕಣ್ಣು ತುಂಬಿಕೊಂಡಳು. ಫೋಟೋ ತೆಗೆದು ಗಾಜಿಗೆ ಅಂಟಿಸಿದರು.

ಐದನೇ ದಿನಕ್ಕೆ ತಂಗಿಗೆ ದಿಂಬಿಗೆ ತಲೆಯಿಡಲಾಗಲಿಲ್ಲ. ಎಂಟನೇ ದಿನ ಅಕ್ಕ ಕೂದಲು ಸರಿಸಿ ನೋಡಿದರೆ, ಕಿವಿಯ ಮೇಲೆ ಚರ್ಮ ಕೆಂಡದಂತಾಗಿ ಸಾಲಾಗಿ ಗುಳ್ಳೆ ಎದ್ದಿದ್ದವು. ಎರಡು ಎಳೆಗಳು ಬುಡದ ಕೂದಲನ್ನೂ ಕಿತ್ತುಕೊಂಡು ಅವಳ ಕೈಗೆ ಬಂದವು. ಉಂಗುರ ಬಿಚ್ಚಲು ಮನೆಯಲ್ಲಿ ಇಕ್ಕಳವಿರಲಿಲ್ಲ. ತಂಗಿಯನ್ನು ಕರೆದುಕೊಂಡು ನೇರ ಪಾರ್ಲರಿಗೆ ನಡೆದಳು.

ಅಲ್ಲಿ ಮೂರು ಜನ ಗಿರಾಕಿಗಳು ಕಾಯುತ್ತಿದ್ದರು. ಮೇಡಂ ತಂಗಿಯ ತಲೆಯನ್ನು ಬೆರಳ ತುದಿಯಲ್ಲಿ ಮುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ಕೈ ಪಳಗದೋರು ಮಾಡಿದ್ರೆ ಹಿಂಗೇ. ಎಷ್ಟು ಹೇಳಿದ್ರೂ ಕೇಳಲ್ಲ. ಶನಿವಾರ ಜಾಹೀರಾತಿಗೆ ವಿಡಿಯೋದವ್ರು ಬರ್ತಾರೆ, ಅಲ್ಲೀವರೆಗೂ ತಡ್ಕೊಳ್ಲಿ. ಆಮೇಲೆ ಬಿಚ್ಚಿದ್ರಾಯ್ತು.”

ಅಕ್ಕನ ಮೈಯೆಲ್ಲ ಉರಿದುಹೋಯಿತು. ತಂಗಿಯ ತೋಳು ಹಿಡಿದು ನಡುವಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದಳು. ಮೇಡಂರ ಮೇಜಿನ ಮೇಲಿನ ಇಕ್ಕಳವನ್ನೇ ಎತ್ತಿಕೊಂಡಳು.

“ಏಯ್, ಅದು ಗಿರಾಕಿಗಳ ಕುರ್ಚಿ! ಮೇಲೆ ಕರ್ಕೊಂಡ್ಹೋಗಿ!”

“ಇಲ್ಲೇ ಬಿಚ್ಚೋದು. ಇವರೆಲ್ಲ ನೋಡ್ಲಿ. ಎಂಬತ್ತು ಸಾಕು ಅಂದೆ ನಾನು. ಇನ್ನೂರು ಅಂದೋರು ಯಾರು? ಗಾಜಿನ ಮೇಲಿನ ಫೋಟೋಗೆ ನನ್ನ ತಂಗಿ ತಲೆ ಬೇಕಿತ್ತಾ ನಿಮ್ಗೆ?”

“ಬಾಯಿ ಮುಚ್ಚಿ, ಇಲ್ದಿದ್ರೆ ಸರ್ಟಿಫಿಕೇಟ್ ಮರ್ತುಬಿಡಿ!”

“ಇಟ್ಕೊಳ್ಳಿ ನಿಮ್ಮತ್ರಾನೇ!”

ಅಕ್ಕ ಚಪ್ಪಟೆಯಾದ ಉಂಗುರವನ್ನು ಅಡ್ಡಕ್ಕೆ ಹಿಡಿದು ಅದುಮಿದಳು. ಅದು ಬಾಯಿಬಿಟ್ಟಿತು. ಎಳೆಯನ್ನು ಮೆಲ್ಲಗೆ ಜಾರಿಸಿದಳು. ಗುಳ್ಳೆಯಿದ್ದಲ್ಲಿ ಚರ್ಮ ಎಳೆಯದಂತೆ ಬುಡದ ಕೂದಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಒಬ್ಬ ಗಿರಾಕಿ ಎದ್ದು ಹೋದಳು. ಇನ್ನೊಬ್ಬಳು ಹತ್ತಿರ ಬಂದು ಗುಳ್ಳೆಗಳನ್ನು ನೋಡಿ, “ಅಯ್ಯೋ ದೇವರೇ,” ಎಂದು ತನ್ನ ಚೀಲ ತೆಗೆದುಕೊಂಡಳು. ಅಷ್ಟರಲ್ಲಿ ಮೇಲಿಂದ ಒಬ್ಬ ಹುಡುಗಿ ಇಳಿದು ಬಂದಳು, ಮೊದಲ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು. ಇನ್ನೊಂದು ಇಕ್ಕಳ ಹಿಡಿದು ತಂಗಿಯ ಎಡಬದಿಗೆ ನಿಂತಳು. ಉಳಿದವನ್ನೆಲ್ಲ ಕಳಚಲು ಎರಡೂವರೆ ಗಂಟೆ ಹಿಡಿಯಿತು.

ನಾಲ್ಕು ದಿನದ ಮೇಲೆ ಅದೇ ಹುಡುಗಿ ಮನೆಗೊಂದು ಲಕೋಟೆ ತಂದಳು. ಒಳಗೆ ಸರ್ಟಿಫಿಕೇಟು. ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದ್ದರು. “ಆಗಿದ್ದು ಆಗೋಯ್ತು, ಹೊರಗೆ ಆಡ್ಕೋಬೇಡಿ ಅಂದ್ರು ಮೇಡಂ,” ಎಂದಳು ಹುಡುಗಿ, ತಲೆ ತಗ್ಗಿಸಿ.

ಅಕ್ಕನಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂದದ್ದು ಆಗಲೇ. ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಗಿರಾಕಿಗಳೆದುರೇ ಪಾರ್ಲರಿನ ಮೇಜಿನ ಮೇಲೆ ಅದನ್ನು ಒಗೆದಳು.

“ಅವತ್ತು ಕೈ ಪಳಗಿಲ್ಲ ಅಂದ್ರಿ. ಇವತ್ತು ಅತ್ಯುತ್ತಮ ಅಂತೀರಿ. ಯಾವ್ದು ಸುಳ್ಳು ಅಂತ ಈಗ ಇವರ ಮುಂದೇನೇ ಹೇಳಿ.”

ಮೇಡಂ ಫೋನಿನಲ್ಲಿ ಏನೋ ಹುಡುಕುವವರಂತೆ ನಟಿಸಿದರು. ಅಕ್ಕ ಹೊರಗೆ ಬಂದು ಗಾಜಿನಿಂದ ತಂಗಿಯ ಫೋಟೋವನ್ನು ಉಗುರಿನಲ್ಲಿ ಕೆರೆದು ಕಿತ್ತಳು. ಯಾರೂ ತಡೆಯಲಿಲ್ಲ.

ಗುಳ್ಳೆಗಳು ಒಣಗಿದವು. ಬಹುಪಾಲು ಕೂದಲು ಮತ್ತೆ ಬರುತ್ತದೆ, ಬಲಗಿವಿಯ ಮೇಲೆ ಒಂದು ನಾಣ್ಯದಗಲ ಮಾತ್ರ ಅನುಮಾನ ಎಂದರು ಚರ್ಮದ ಡಾಕ್ಟರು. ತಂಗಿ ಜಗಳವಾಡಲಿಲ್ಲ. ಆ ಡಾಕ್ಟರಲ್ಲಿಂದ ಬರುವ ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು: “ಅವತ್ತು ನೂರು ಆದ್ಮೇಲಾದ್ರೂ ನೀನು ನಿಲ್ಲಿಸ್ಬೋದಿತ್ತಲ್ಲ ಅಕ್ಕಾ?”

ಮೇಡಂ ಮೇಲಿನ ಸಿಟ್ಟಾದರೆ ಕೂಗಿ ತೀರಿಸಿಕೊಳ್ಳಬಹುದಿತ್ತು. ತನ್ನ ಮೇಲಿನ ಇದನ್ನು ಎಲ್ಲಿಗೆ ಒಯ್ಯುವುದು?

ಮುಂದಿನ ತಿಂಗಳು ಊರಿನ ಇನ್ನೊಂದು ತುದಿಯ ಸಣ್ಣ ಅಂಗಡಿಯಲ್ಲಿ ಮತ್ತೆ ಬೊಂಬೆ ತಲೆಯಿಂದಲೇ ಶುರುಮಾಡಿದಳು. ಅಲ್ಲಿನವರು ಹೇಳಿದ್ದಕ್ಕೆಲ್ಲ ಯಾಕೆ ಏನು ಎಂದು ಕೇಳಿ ತಲೆ ತಿನ್ನುತ್ತಾಳೆ. ಮನೆಯಲ್ಲಿ ತಂಗಿ ಮಾತಾಡುತ್ತಾಳೆ, ನಗುತ್ತಾಳೆ, ತಟ್ಟೆಗೆ ಬಡಿಸುತ್ತಾಳೆ. ತಲೆ ಮಾತ್ರ ಮುಟ್ಟಗೊಡುವುದಿಲ್ಲ.