ತ್ರಿವೇಣಿಯ ಎರಡು ಸೀಟು

ತೊಂಬತ್ತೇಳರ ಆಗಸ್ಟ್‌ನಲ್ಲಿ ಪಾರಿಶ್ವಾಡದ ಕುರಿಗಾರ ಸತ್ಯಪ್ಪನ ಮನೆಗೆ ಒಂದೇ ವಾರದಲ್ಲಿ ಎರಡು ಒಳ್ಳೆಯ ಸುದ್ದಿ ಬಂದು ಮನೆಯವರ ನೆಮ್ಮದಿಯೇ ಹೋಯಿತು. ಮಗಳು ತ್ರಿವೇಣಿಗೆ ಬೆಳಗಾವಿಯ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅದರ ಬೆನ್ನಿಗೇ ಶಿಕ್ಷಕರ ತರಬೇತಿಯಾದ ಟಿ.ಸಿ.ಎಚ್.ಗೂ ಕರೆ ಬಂತು. ಎರಡಕ್ಕೂ ಗುರುವಾರವೇ ಕೊನೆಯ ದಿನ. ಅಸಲು ಅಂಕಪಟ್ಟಿ ಇರುವುದು ಒಂದೇ. ಅದನ್ನು ಎಲ್ಲಿ ಕೊಟ್ಟರೂ ಇನ್ನೊಂದು ಬಾಗಿಲು ಮುಚ್ಚಿದಂತೆ.

"ಇದರಾಗ ವಿಚಾರ ಮಾಡೂದೇನೈತಿ?" ಎಂದ ಸತ್ಯಪ್ಪ. "ಟಿ.ಸಿ.ಎಚ್. ಎರಡ ವರ್ಷ. ಮುಗದ ಕೂಡ್ಲೆ ಮಾಸ್ತರಿಕಿ. ಇಂಜಿನಿಯರಕಿ ನಾಕ ವರ್ಷ, ಮುಂದ ಏನು ಅಂತ ಯಾರಿಗೆ ಗೊತ್ತು?"

ಇಂಜಿನಿಯರಿಂಗಿನ ಫೀ ಹೆಚ್ಚಿರಲಿಲ್ಲ. ಹೆದರಿಸಿದ್ದು ನಾಲ್ಕು ವರ್ಷದ ಹಾಸ್ಟೆಲ್ಲು, ಪುಸ್ತಕ, ಊಟದ ಖರ್ಚು. ವರ್ಷಕ್ಕೆ ಎಂಟು ಕುರಿಯಾದರೂ ಹಟ್ಟಿಯಿಂದ ಹೋಗಬೇಕು. ತ್ರಿವೇಣಿ ಎರಡೂ ಪತ್ರ ಎದುರಿಗಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಿದ್ದಳು. ತಾಯಿ ಮಾಯಕ್ಕನಿಗೆ ಓದು ಬರದು, ಕೇಳಿ ತಿಳಿದುಕೊಳ್ಳುವುದು ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಖಾನಾಪುರದ ಮೇಲೆ ಹಾಯ್ದು ಬೆಳಗಾವಿಗೆ ಹೋದಳು.

ಅವಳಿಗೆ ಆ ಊರಲ್ಲಿ ಕರೆಂಟಿನ ವಿಷಯ ಬಲ್ಲ ಪರಿಚಯದವನೆಂದರೆ ಗುರುಪುತ್ರಪ್ಪ ಒಬ್ಬನೇ. ಊರಿನೊಳಗಿನ ವಡಗಾವಿಯ ಓಣಿಯೊಂದರಲ್ಲಿ ಅವನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ಎರಡೂ ಬಾಜು ಮಗ್ಗಗಳ ಸದ್ದು. ಇವರ ಹೊಲದ ಪಂಪಿನ ಮೋಟಾರು ಸುಟ್ಟಾಗಲೆಲ್ಲ ಅಲ್ಲಿಗೇ ಬರುತ್ತಿತ್ತು.

"ಬರ್ರಿ ಮಾಯಕ್ಕಾರ, ಕುಂದರ್ರಿ. ಮತ್ತ ಸುಟ್ಟತೇನು?"

"ಮೋಟಾರಲ್ರಿ ಅಣ್ಣಾರ, ಈ ಸಲ ತೆಲಿ ಸುಡಾಕತ್ತೈತಿ," ಎಂದು ಮಾಯಕ್ಕ ಎಲ್ಲ ಹೇಳಿದಳು.

ಗುರುಪುತ್ರಪ್ಪ ಒಳಗೆ ಕೂತಿದ್ದ ಮಗನ ಕಡೆ ನೋಡಿದ. ಆಕಾಶ ಹಳೆಯ ಮೋಟಾರೊಂದರ ಹೊಟ್ಟೆಯಿಂದ ಕರಕಾದ ತಾಮ್ರದ ತಂತಿ ಕೀಳುತ್ತಿದ್ದ. "ಅಂವಾ ಅದನ್ನ ಓದ್ಯಾನ್ರಿ. ಪಾಸಾಗಿ ಒಂದ ವರ್ಷಾತು. ಅಂವನ್ನ ಕೇಳ್ರಿ."

ಮಾಯಕ್ಕ ಅವನ ಮಸಿ ಹತ್ತಿದ ಕೈ ನೋಡಿದಳು. ಇಂಜಿನಿಯರ್ ಎಂದರೆ ಜೀಪಿನಿಂದ ಇಳಿಯುವವನು ಎಂದುಕೊಂಡಿದ್ದಳು.

ಆಕಾಶ ಕೈ ಒರೆಸಿಕೊಂಡು ಬಂದ. "ನಲವತ್ತ ಕಡೆ ಅರ್ಜಿ ಹಾಕೇನ್ರಿ. ಕಂಪನಿಯವರು ಕಂಪ್ಯೂಟರ್ ಕಲತವ್ರನ್ನ ಕೇಳ್ತಾರ. ವಿದ್ಯುತ್ ಮಂಡಳಿಯವರು ಕರದೇ ಇಲ್ಲ."

"ಖರೇ ಹೇಳು ತಮ್ಮಾ. ಆವಾಗ ನಿನಗ ಮಾಸ್ತರಿಕಿ ಸಿಕ್ಕಿದ್ರ ಹೋಗ್ತಿದ್ದೇನು?"

ಆಕಾಶ ತಂದೆಯತ್ತ ಒಮ್ಮೆ ನೋಡಿದ. "ಹೋಗ್ತಿದ್ದೆ."

ಗುರುಪುತ್ರಪ್ಪ ಎದ್ದು ಹೊರಗೆ ಹೋಗಿ ಚಹಾ ಹೇಳಿ ಬಂದ. ಚಹಾ ಕುಡಿದು ಹೊರಡುವಾಗ ಆಕಾಶ ತ್ರಿವೇಣಿಗೆ ಹೇಳಿದ: "ಕಲತದ್ದಕ್ಕ ನನಗ ಬ್ಯಾಸರಿಲ್ಲ ತಂಗಿ. ಕಾಯೂದ ಭಾಳ ಕೆಟ್ಟ. ಅದನ್ನ ಯಾರೂ ಮೊದಲ ಹೇಳೂದಿಲ್ಲ."

ಖಾನಾಪುರದ ಬಸ್ ನಿಲ್ದಾಣದಲ್ಲಿ ಪಾರಿಶ್ವಾಡದ ಬಸ್ಸಿಗೆ ಕಾಯುವಾಗ ತ್ರಿವೇಣಿ ಬಾಯಿಬಿಟ್ಟಳು. "ಯವ್ವಾ, ನಾ ಟಿ.ಸಿ.ಎಚ್.ಗೇ ಹೋಗ್ತೀನಿ. ನನ್ನ ಸಲುವಾಗಿ ಕುರಿ ಮಾರೂದು ಬ್ಯಾಡ."

"ಕುರಿ ಮಾತು ನಮ್ಮದು. ನೀ ನಿನ್ನ ಮಾತು ಹೇಳು."

"ಆಕಾಶಣ್ಣನ ಹಂಗ ಆದ್ರ?"

"ಆದೀತು. ಅದನ್ನ ಬಿಟ್ಟ ಹೇಳು."

ಹುಡುಗಿಯ ಕಣ್ಣು ತುಂಬಿದವು. "ಗಣಿತ ಕಲಸೂದಕಿಂತ ಅದರ ಲೆಕ್ಕದ್ಲೆ ಏನರೆ ಮಶೀನ್ ನಡಸೂದು ನನಗ ಸೇರತೈತಿ. ಆದ್ರ ಅಂಜಿಕಿ ಬರತೈತಿ."

"ನನಗೂ ಬರತೈತಿ," ಎಂದಳು ಮಾಯಕ್ಕ.

ಮನೆಯಲ್ಲಿ ಸತ್ಯಪ್ಪ ಎಲ್ಲ ಕೇಳಿಸಿಕೊಂಡು, "ಕೆಲಸಿಲ್ಲದ ಹುಡುಗನ್ನ ನೋಡಿ ಬಂದು ಅದನ್ನ ಓದಸೂಣು ಅಂತೀಯಲ್ಲ!" ಎಂದು ರೇಗಿದ. ಮಾಯಕ್ಕ ಮಗಳು ಅಂದದ್ದನ್ನು ಅಂದಂತೆಯೇ ಹೇಳಿದಳು. ಮರುದಿನ ಅವನು ಹಟ್ಟಿಯಲ್ಲಿ ನಿಂತು ಕುರಿಗಳನ್ನು ಎರಡೆರಡು ಸಲ ಎಣಿಸಿದ. ಬುಧವಾರ ನಸುಕಿನಲ್ಲಿ ಎಂಟು ಕುರಿ ಬೇರೆ ಮಾಡಿಕೊಂಡು ನಂದಗಡದ ಸಂತೆಯ ಹಾದಿ ಹಿಡಿದ. ಗುರುವಾರ ಅಂಕಪಟ್ಟಿ ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿಗೆ ಹೋಯಿತು.

ಆಮೇಲಿನ ವರ್ಷಗಳಲ್ಲಿ ಮಾಯಕ್ಕ ತನ್ನ ನಿರ್ಧಾರವನ್ನು ಎಷ್ಟು ಸಲ ಶಪಿಸಿಕೊಂಡಳೋ. ತ್ರಿವೇಣಿಯ ಜೊತೆ ಓದಿದ ನಿಂಗವ್ವ ಟಿ.ಸಿ.ಎಚ್. ಮುಗಿಸಿ ನೌಕರಿ ಹಿಡಿದಳು. ದಿನಾ ಬೆಳಿಗ್ಗೆ ಛತ್ರಿ ಹಿಡಿದು ಬಸ್ಸಿಗೆ ನಿಲ್ಲುತ್ತಿದ್ದಳು. ಅದೇ ವರ್ಷ ತ್ರಿವೇಣಿ ಒಂದು ವಿಷಯದಲ್ಲಿ ನಪಾಸಾಗಿ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದಳು. ಎರಡು ಸಾವಿರದ ಒಂದರಲ್ಲಿ ಪದವಿ ಕೈಗೆ ಬಂತು. ಕೆಲಸ ಬರಲಿಲ್ಲ. ಒಂಬತ್ತು ತಿಂಗಳು ಮನೆಯಲ್ಲೇ ಕೂತಳು. ಪೋಸ್ಟಿನವನು ಓಣಿಗೆ ಬಂದರೆ ತಾಯಿ ಮಗಳು ಇಬ್ಬರೂ ಬೇಕೆಂದೇ ಒಳಗಿರುತ್ತಿದ್ದರು.

ಕೊನೆಗೆ ಸುದ್ದಿ ತಂದವನು ಗುರುಪುತ್ರಪ್ಪ. ಆಕಾಶ ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯೊಂದನ್ನು ಸೇರಿದ್ದ. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ಕರೆಂಟಿನ ಕುಲುಮೆ ನೋಡಿಕೊಳ್ಳಲು ಇಂಜಿನಿಯರ್ ಬೇಕಾಗಿದ್ದರು. ಹೆಣ್ಣುಮಗಳು ಎಂದು ಅವರು ಹಿಂದೆ ಮುಂದೆ ನೋಡಿದರು. ಮೂರು ತಿಂಗಳು ಪರೀಕ್ಷೆಗೆಂದು ಇಟ್ಟುಕೊಂಡರು.

ಎರಡನೇ ತಿಂಗಳಲ್ಲಿ ಮಾಯಕ್ಕ ರೊಟ್ಟಿ ಬುತ್ತಿ ಹಿಡಿದು ಫೌಂಡ್ರಿಯ ಗೇಟಿಗೆ ಹೋದಳು. ತ್ರಿವೇಣಿ ನೀಲಿ ಅಂಗಿ ತೊಟ್ಟು ಬೆವರು ಸುರಿಸುತ್ತ ಓಡಿ ಬಂದಳು.

"ಕುಲುಮಿ ನಿಂತೈತಿ ಯವ್ವಾ. ಹೋಗಬೇಕು."

"ಇಟ್ಕೋತಾರೇನ?"

"ಗೊತ್ತಿಲ್ಲ. ಇವತ್ತ ಇದನ್ನ ಚಾಲೂ ಮಾಡಿದ್ರ ಇಟ್ಕೊಂಡಾರು."

ಬುತ್ತಿ ಇಸಿದುಕೊಂಡು ಒಳಗೆ ಓಡಿದಳು. ಮಾಯಕ್ಕ ಗೇಟಿನ ಹತ್ತಿರವೇ ಕಟ್ಟೆಯ ಮೇಲೆ ಕೂತಳು. ಒಳಗೆ ಏನು ನಡೆದಿದೆ ಎಂದು ತಿಳಿಯದು, ಕೇಳಲು ಯಾರೂ ಇಲ್ಲ. ಎರಡು ತಾಸಿನ ಮೇಲೆ ಒಳಗಿಂದ ದೊಡ್ಡದಾದ ಗುಂಯ್ ಸದ್ದು ಶುರುವಾಯಿತು. ಕಾವಲುಗಾರ ತಿರುಗಿ ನೋಡಿ, "ಚಾಲೂ ಆತ್ ನೋಡ್ರಿ," ಎಂದ.

ಮೂರು ತಿಂಗಳು ತುಂಬಿದಾಗ ಕೆಲಸ ಖಾಯಂ ಆಯಿತು. ಪಗಾರ ನಿಂಗವ್ವನದಕ್ಕಿಂತ ಕಡಿಮೆಯೇ. ಸತ್ಯಪ್ಪ ಅದನ್ನು ಒಮ್ಮೆ ಅಂದ, ಮತ್ತೆ ಅನ್ನಲಿಲ್ಲ.