ನನ್ನ ನೆತ್ತಿಯ ತೂತು

ನಾನು ಒಂದು ಮುಚ್ಚಳ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಅದೂ ವಿಮಾನದ್ದು. ದೊಡ್ಡ ವಿಮಾನ ಎಂದುಕೊಳ್ಳಬೇಡಿ. ಬಟ್ಟೆಯ ರೆಕ್ಕೆಯ, ಇಬ್ಬರೇ ಕೂರುವ ಪುಟ್ಟ ವಿಮಾನ. ಕಾರ್ಖಾನೆಯಲ್ಲಿ ನನ್ನನ್ನು ಅಚ್ಚಿನಿಂದ ತೆಗೆದು ನೆತ್ತಿಗೊಂದು ಸಣ್ಣ ತೂತು ಕೊರೆದರು. ಪೆಟ್ರೋಲ್ ಇಳಿದಷ್ಟೂ ಆ ತೂತಿನಿಂದ ಟ್ಯಾಂಕಿನೊಳಕ್ಕೆ ಗಾಳಿ ಹೋಗಬೇಕು. ಹೋಗದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಇಳಿಯುವುದಿಲ್ಲ. ಅಷ್ಟೇ ನನ್ನ ಕೆಲಸ.

ಮೈಸೂರಿನಾಚೆಯ ಬಯಲಿನಲ್ಲಿದ್ದ ಒಂದು ಹಾರಾಟದ ಶಾಲೆಗೆ ಬಂದೆ. ಮಾಲೀಕರಾದ ಶ್ರೀಕಂಠಮೂರ್ತಿ ಮೊದಲ ದಿನವೇ ತಮ್ಮ ಪಂಚೆಯ ತುದಿಯಿಂದ ನನ್ನನ್ನು ಒರೆಸಿದರು. ಆ ಕೈಯನ್ನು ನಾನು ನಂಬಿದೆ. ಮೂರ್ತಿಯವರ ಹಳೆಯ ಗೆಳೆಯರಾದ ನಾಗಭೂಷಣ ಅಲ್ಲಿಯ ಪೈಲಟ್. ಪ್ರತಿ ಸಲ ಹಾರುವ ಮುನ್ನ ನನ್ನನ್ನು ತಿರುಚಿ ತೆಗೆದು, ತೂತಿಗೆ ತುಟಿಯಿಟ್ಟು ಉಫ್ ಎಂದು ಊದಿ ನೋಡುತ್ತಿದ್ದರು. ಅವರ ಉಸಿರಿಗೆ ಏಲಕ್ಕಿಯ ವಾಸನೆಯಿತ್ತು.

ಆ ವರ್ಷದ ಆಯುಧಪೂಜೆಗೆ ಮೂರ್ತಿಯವರು ಗಂಧವನ್ನು ಗಟ್ಟಿಯಾಗಿ ಕಲಸಿದರು. ವಿಮಾನದ ಮೂಗಿಗೆ, ರೆಕ್ಕೆಗೆ, ಚಕ್ರಕ್ಕೆ ಇಟ್ಟು, ಕೊನೆಗೆ ನನ್ನ ನೆತ್ತಿಗೂ ರೂಪಾಯಿಯಗಲದ ಬೊಟ್ಟಿಟ್ಟು ಕುಂಕುಮ ಒತ್ತಿದರು. ನನಗೋ ಹಿಗ್ಗು! ಬಿಸಿಲಿಗೆ ಬೊಟ್ಟು ಒಣಗಿ ಬಿಗಿಯಿತು. ಉಸಿರು ಕಟ್ಟಿದೆ ಎಂಬುದು ಆಮೇಲೆ ತಿಳಿಯಿತು.

ನಾಗಭೂಷಣ ಬಂದು ನನ್ನ ಮೇಲೆ ಕೈಯಿಟ್ಟವರು ತಿರುಚದೆ ತಡೆದರು.

"ಪೂಜೆ ಆಗಿರೋದಕ್ಕೆ ಬಾಯಿಟ್ಟು ಎಂಜಲು ಮಾಡೋದು ಹೇಗೆ ಮೂರ್ತಿಯವ್ರೇ?"

"ಬೇಡ ಬಿಡಿ ಭೂಷಣ, ನಾನೇ ಎಲ್ಲ ನೋಡಿದೀನಿ. ಒಂದು ಸುತ್ತು ಹೊಡ್ಕೊಂಡು ಬನ್ನಿ."

ನೆಲ ಬಿಟ್ಟು ತೆಂಗಿನ ತಲೆ ದಾಟುವಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತಿತು. ನನ್ನ ಕೆಳಗೆ ಟ್ಯಾಂಕಿನ ತುಂಬ ಪೆಟ್ರೋಲ್ ಇತ್ತು, ಹನಿಯೂ ಇಳಿಯಲಿಲ್ಲ. ಬಯಲಿಗೆ ಹಿಂತಿರುಗಲು ನಾಗಭೂಷಣ ವಿಮಾನವನ್ನು ವಾಲಿಸಿದರು. ಎತ್ತರ ಸಾಲದೆ ನೆಲಕ್ಕೆ ಅಪ್ಪಳಿಸಿದೆವು. ಅವರು ಉಳಿಯಲಿಲ್ಲ.

ಮೊದಲು ಓಡಿ ಬಂದವರು ಮೂರ್ತಿಯವರೇ. ಗೆಳೆಯನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಅತ್ತರು. ಅದು ನಾಟಕವಲ್ಲ. ಆಂಬುಲೆನ್ಸ್ ಹೋದ ಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಬಹಳ ಹೊತ್ತು ನೋಡಿದರು. ಬೊಟ್ಟನ್ನು ಉಗುರಿನಿಂದ ಕೆರೆದರು, ಜನಿವಾರಕ್ಕೆ ಸಿಕ್ಕಿಸಿದ್ದ ಪಿನ್ನಿನಿಂದ ತೂತು ಬಿಡಿಸಿದರು, ಅದೇ ಪಂಚೆಯ ತುದಿಯಿಂದ ಒರೆಸಿದರು.

ತನಿಖೆಗೆ ಬಂದ ಅಧಿಕಾರಿ ಚುರುಕಿನ ಹೆಂಗಸು. ಇಂಜಿನ್ ಬಿಚ್ಚಿಸಿದರು, ಪೆಟ್ರೋಲ್ ಸೋಸಿ ನೋಡಿದರು, ನನ್ನನ್ನೂ ಬೆಳಕಿಗೆ ಹಿಡಿದರು.

"ಇದಕ್ಕೂ ಪೂಜೆ ಮಾಡಿದ್ರಾ?"

"ಇಲ್ಲ ಮೇಡಂ. ಬರೀ ಮೂಗಿಗೆ, ರೆಕ್ಕೆಗೆ."

ಅಯ್ಯೋ ಸುಳ್ಳು ಎಂದು ಕೂಗಿಕೊಂಡೆ. ಮುಚ್ಚಳದ ಕೂಗು ಯಾರಿಗೆ ಕೇಳಬೇಕು? ಇಂಜಿನ್ ನಿಂತದ್ದೇಕೋ ತಿಳಿಯದು, ನೇರಕ್ಕೇ ಇಳಿಸದೆ ಅಷ್ಟು ಕೆಳಗಿನಿಂದ ಹಿಂತಿರುಗಿದ್ದು ಪೈಲಟ್‌ನ ತಪ್ಪು ಎಂದು ತನಿಖೆ ಮುಗಿಯಿತು.

ನಾಗಭೂಷಣರ ಹೆಂಡತಿ ಗಿರಿಜಾಂಬ ಒಂದು ದಿನ ಶೆಡ್ಡಿನ ಬಾಗಿಲಿಗೆ ಬಂದರು.

"ಅಷ್ಟು ಜೋಪಾನದ ಮನುಷ್ಯ. ನಿಜವಾಗ್ಲೂ ಅವರದ್ದೇ ತಪ್ಪಾ ಮೂರ್ತಿಯವ್ರೇ? ಮಕ್ಕಳು ಕೇಳ್ತಾರೆ."

"ಹಣೆಬರಹ ಕಣಮ್ಮ. ಅವಸರಪಟ್ಬಿಟ್ರು."

ಬೊಟ್ಟಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಪ್ರೀತಿ, ತಿಳಿಯದೆ ಆದದ್ದು. ಒರೆಸಿದರಲ್ಲ, ಅದನ್ನು ಮಾತ್ರ ನಾನು ಮರೆಯಲಾರೆ.

ಈಗ ತುಕ್ಕು ಹಿಡಿದ ಬೋಲ್ಟುಗಳ ಜತೆ ಶೆಡ್ಡಿನ ಮೂಲೆಯ ಡಬ್ಬದಲ್ಲಿ ಬಿದ್ದಿದ್ದೇನೆ. ಮೊನ್ನೆ ಮತ್ತೆ ಆಯುಧಪೂಜೆ. ಹೊಸ ವಿಮಾನ, ಹೊಸ ಪೈಲಟ್. ಗಂಧದ ಬಟ್ಟಲು ಹಿಡಿದ ಮೂರ್ತಿಯವರು ಟ್ಯಾಂಕಿನ ಬಳಿ ಬಂದು ಕೈ ಹಿಂದಕ್ಕೆ ತೆಗೆದರು.

"ಮುಚ್ಚಳಕ್ಕೂ ಒಂದು ಇಟ್ಬಿಡಿ ಸಾರ್," ಎಂದ ಪೈಲಟ್.

"ಬೇಡಪ್ಪ. ತೂತು ಮುಚ್ಚೋಗತ್ತೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಗಿರಿಜಾಂಬ ಬಾಗಿಲಲ್ಲಿ ನಿಂತು ಕೇಳಿದಾಗ ಅವರು ಹೇಳಬೇಕಿದ್ದದ್ದೂ ಅಷ್ಟೇ.